ಬೇಲಿಯೊಳಗಣ ಮೃಗಯೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಕ್ರಿ.ಶ. 1129ರ ಸುಮಾರಿನಲ್ಲಿ ರಚಿಸಿದನು. ಇಂದಿನ ಬಸವಕಲ್ಯಾಣವೇ ಅವನ ರಾಜಧಾನಿ. ಐದು ವಿಂಶತಿಗಳಾಗಿ ನೂರು ಅಧ್ಯಾಯಗಳಲ್ಲಿ ಹರಡಿರುವ ಈ ಗ್ರಂಥವು ಬಡೋದೆಯ ಗ್ರಂಥಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಅಡುಗೆಯ ವಿಷಯವನ್ನು ಅರಸುವವರುಂಟು, ಸಂಗೀತವನ್ನು ಅರಸುವವರುಂಟು. ಬೇಟೆಯ ಅಧ್ಯಾಯವನ್ನು ಮನಗೊಟ್ಟು ಓದುವವರು ವಿರಳ. ಓದಬೇಕಾದುದಂತೂ ನಿಜ. ಏಕೆಂದರೆ ಕೊಲೆಯು ಯಾವಾಗ ವಿನೋದವಾಗುತ್ತದೆ, ವಿನೋದವು ಯಾವಾಗ ಬರಿಯ ನಟನೆಯಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಸಾಮಗ್ರಿಯಿದೆ.

ವಿನೋದ ವಿಂಶತಿಯಲ್ಲಿ ಕೋಳಿ, ಲಾವುಗೆ, ಟಗರು, ಕೋಣಗಳ ಕಾಳಗಗಳೂ, ನಾಯಿ, ಡೇಗೆ, ಮೀನು, ಮೃಗಗಳ ಬೇಟೆಯೂ ವರ್ಣಿತವಾಗಿವೆ. ಅರಸನು ಕೇವಲ ಆಜ್ಞೆ ಕೊಡುವವನಲ್ಲ, ಕಣ್ಣಾರೆ ಕಂಡವನು. ಯಾವ ಮೀನು ಯಾವ ನೀರಿನಲ್ಲಿರುವುದು, ಯಾವುದಕ್ಕೆ ಯಾವ ಎರೆ ಸಲ್ಲುವುದು ಎಂಬುದನ್ನೆಲ್ಲ ಬಲ್ಲನು. ಮೃಗವು ನೀರಿಗೆ ಬರುವ ಹೊತ್ತನ್ನು ಕಾಯುವುದು, ಪಳಗಿದ ಮೃಗವನ್ನು ಮುಂದೆ ಬಿಟ್ಟು ಅಡವಿಯ ಮೃಗವನ್ನು ಸೆಳೆಯುವುದು, ಇವೆಲ್ಲ ಅವನಿಗೆ ಕರತಲಾಮಲಕ. ಈ ಜಾಣ್ಮೆಯಲ್ಲಿ ವಂಚನೆ ಧಾರಾಳವಾಗಿದೆ, ದಯೆಯಂತೂ ಹುಡುಕಿದರೂ ದೊರೆಯದು. ಆದರೂ ಒಂದು ಮಾತನ್ನು ಸೋಮೇಶ್ವರನ ಪರವಾಗಿ ಹೇಳಲೇಬೇಕು: ಇಷ್ಟೊಂದು ಉಪಾಯವು ಬೇಕಾದುದೇ ಆ ಮೃಗಕ್ಕೆ ತಪ್ಪಿಸಿಕೊಳ್ಳುವ ದಾರಿಯಿದ್ದುದರಿಂದ. ಅದರ ಬೆನ್ನ ಹಿಂದೆ ಅಡವಿಯಿತ್ತು.

ಅಡವಿಯೇ ಇಲ್ಲದ ಬೇಟೆಯ ಚಿತ್ರವು ಇದಕ್ಕಿಂತ ಬಹು ಹಿಂದಿನದು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಎರಡನೆಯ ಅಧಿಕರಣದಲ್ಲಿ ಅರಸನ ವಿಹಾರಕ್ಕೆಂದು ಒಂದು ಮೃಗವನವನ್ನು ವಿಧಿಸಿದೆ. ಅದಕ್ಕೆ ಒಂದೇ ಬಾಗಿಲು, ಸುತ್ತಲೂ ಅಗಳು. ಒಳಗೆ ಸವಿಹಣ್ಣಿನ ಪೊದೆಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳಗಳು, ಪಳಗಿದ ಮೃಗಗಳು. ದುಷ್ಟಮೃಗಗಳೂ ಉಂಟು, ಆದರೆ ಉಗುರು ಕೋರೆಗಳನ್ನು ಮುರಿದವು! ಅರಸನ ಪಾದಕ್ಕೆ ಒಂದು ಮುಳ್ಳು ಕೂಡ ತಾಕದಂತೆ ಏರ್ಪಡಿಸಿದ ಕಾಡಿದು. ಶಾಸ್ತ್ರಕಾರನು ಇದನ್ನು ನಗುತ್ತ ಬರೆದನೋ ಗಂಭೀರನಾಗಿಯೇ ಬರೆದನೋ ತಿಳಿಯುವಂತಿಲ್ಲ.

ಇದೇ ಕೌಟಿಲ್ಯನು ಎಂಟನೆಯ ಅಧಿಕರಣದಲ್ಲಿ ಅರಸರ ವ್ಯಸನಗಳನ್ನು ತೂಗುವಾಗ ಬೇಟೆಯ ಪರವಾಗಿ ವಾದಿಸುತ್ತಾನೆ. ಬೇಟೆಯಿಂದ ದೇಹಕ್ಕೆ ವ್ಯಾಯಾಮವಾಗುತ್ತದೆ. ಕಫ, ಪಿತ್ತ, ಮೇದಸ್ಸುಗಳು ಕರಗುತ್ತವೆ. ನಿಂತ ಗುರಿಗೂ ಓಡುವ ಗುರಿಗೂ ಬಾಣವಿಡುವ ಅಭ್ಯಾಸವಾಗುತ್ತದೆ. ಕೋಪದಲ್ಲಿಯೂ ಭಯದಲ್ಲಿಯೂ ಮೃಗಗಳ ಮನಸ್ಸು ಹೇಗಿರುವುದೆಂಬ ಅರಿವಾಗುತ್ತದೆ. ‘ಶಾಕುಂತಲ’ದ ಸೇನಾಪತಿಯೂ ದುಷ್ಯಂತನ ಮುಂದೆ ಬಹುಮಟ್ಟಿಗೆ ಇದನ್ನೇ ಹೇಳುತ್ತಾನೆ. ಈಗ ಎರಡು ಅಧಿಕರಣಗಳನ್ನು ಎದುರುಬದುರಿಗಿಟ್ಟು ನೋಡಬೇಕು. ಕೋರೆ ಕಿತ್ತ ಹುಲಿಯ ಕೋಪದಿಂದ ಕಲಿಯುವುದೇನು? ಕೈತುತ್ತು ತಿಂದು ಬೆಳೆದ ಜಿಂಕೆಗೆ ಮನುಷ್ಯನ ಭಯವೇ ಇಲ್ಲದಿರುವಾಗ ಅದರ ಭಯದ ಅರಿವು ಎಲ್ಲಿಂದ ಬರಬೇಕು? ಬೇಟೆಗೆ ಕೊಟ್ಟ ಸಮರ್ಥನೆಗಳಲ್ಲಿ ಒಂದಾದರೂ ಅಗಳಿನೊಳಗೆ ನಿಲ್ಲಲಾರದು.

ಕನ್ನಡ ಕವಿಗಳು ಬೇಟೆಯನ್ನು ವರ್ಣಿಸುವುದರಲ್ಲಿ ಜಿಪುಣರಲ್ಲ. ರಾಘವಾಂಕನ ಹರಿಶ್ಚಂದ್ರನು ಬೇಟೆಗೆ ಹೊರಡುವುದು ಮೃಗಗಳ ಹಾವಳಿಯಿಂದ ಬೆಳೆ ಕಳೆದುಕೊಂಡ ಪ್ರಜೆಗಳು ಮೊರೆಯಿಟ್ಟ ಮೇಲೆ. ಹುಮನಾಬಾದಿನ ಸೀಮೆಯಲ್ಲಿ ಜೋಳ, ತೊಗರಿಗಳ ಹೊಲವನ್ನು ಕಾಯ್ದು ಬಲ್ಲ ರೈತನಿಗೆ ಆ ಮೊರೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಸಭಾರತದ ವನಪರ್ವದಲ್ಲಾದರೋ ದ್ವೈತವನದ ಅಳಿದುಳಿದ ಮೃಗಗಳು ಯುಧಿಷ್ಠಿರನ ಕನಸಿನಲ್ಲಿ ಬಂದು, ತಮ್ಮ ವಂಶದ ಬೀಜವಾದರೂ ಉಳಿಯುವಂತೆ ಬೇರೆಡೆಗೆ ಹೋಗೆಂದು ಬೇಡುತ್ತವೆ, ಅವನು ಹೋಗುತ್ತಾನೆ. ಹೊಟ್ಟೆಗಾಗಿ ಮಾಡಿದ ಬೇಟೆಗೂ ಅಲ್ಲಿ ಮೇರೆಯುಂಟು.

ಆದರೆ ಪ್ರಕೃತ ವಿಷಯಕ್ಕೆ ಎಲ್ಲರಿಗಿಂತ ಹತ್ತಿರದವನು ಜನ್ನ. 1209ರಲ್ಲಿ ರಚಿತವಾದ ‘ಯಶೋಧರ ಚರಿತೆ’ಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ, ಅಷ್ಟಕ್ಕೇ ತಾಯಿ ಮಕ್ಕಳಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಇಂದಿನ ಓದುಗನಿಗೆ ಇದು ಅತಿಯೆನಿಸಬಹುದು. ಆದರೆ ಜನ್ನನ ದೃಷ್ಟಿಯು ಸತ್ತ ವಸ್ತುವಿನ ಮೇಲಿಲ್ಲ, ಕತ್ತಿಯೆತ್ತಿದ ಮನಸ್ಸಿನ ಮೇಲಿದೆ. ಹಿಟ್ಟಿನ ಕೋಳಿಯಲ್ಲಿ ಪ್ರಾಣವು ಹುಸಿ, ಸಂಕಲ್ಪವು ದಿಟ. ಬೇಲಿಯೊಳಗಣ ಮೃಗಯೆಯಲ್ಲಿ ಪ್ರಾಣವೂ ದಿಟ, ಸಂಕಲ್ಪವೂ ದಿಟ, ಬೇಟೆಯೊಂದೇ ಹುಸಿ. ಹಾಗಾದರೆ ಜನ್ನನ ತಕ್ಕಡಿಯಲ್ಲಿ ಇದರ ತೂಕವೆಷ್ಟಾದೀತು?

ಇದು ಹಳೆಯ ಅರಸರ ಮಾತೆಂದು ತಳ್ಳಿಹಾಕುವಂತಿಲ್ಲ. ಬೀದರ ಸೀಮೆಯ ಬಯಲಿನಲ್ಲಿ ಇಂದಿಗೂ ಕಾಣುವ ಕೃಷ್ಣಮೃಗವನ್ನು ಅಮೆರಿಕದ ಟೆಕ್ಸಾಸಿನಲ್ಲಿ 1932ರಲ್ಲಿ ತಂದು ಬಿಟ್ಟರು. ಎತ್ತರದ ಬೇಲಿಯ ಖಾಸಗಿ ಹೊಲಮಾಳಗಳಲ್ಲಿ ಅದು ಈಗ ಹಣ ತೆತ್ತವರ ಗುಂಡಿಗೆ ಗುರಿ. ದಕ್ಷಿಣ ಆಫ್ರಿಕದಲ್ಲಿ ಸಿಂಹದ ಮರಿಗಳನ್ನು ಸಾಕಿ ಬೆಳಸಿ, ಬೇಲಿಯೊಳಗೆ ಬಿಟ್ಟು, ಅತಿಥಿಗಳಿಂದ ಹೊಡೆಸುವ ವ್ಯಾಪಾರವು ವರ್ಷಗಟ್ಟಲೆ ನಡೆಯಿತು. ಅದನ್ನು ನಿಲ್ಲಿಸುವ ನೀತಿಯನ್ನು ಅಲ್ಲಿಯ ಸರಕಾರವು 2024ರಲ್ಲಿ ಅಂಗೀಕರಿಸಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗಕ್ಕೆ ಮೊದಲನೆಯ ಅನುಸೂಚಿಯ ರಕ್ಷಣೆಯನ್ನು ಕೊಟ್ಟಿದೆ.

ಬೇಲಿಯ ಒಡೆಯರ ಬಳಿ ಎರಡು ಉತ್ತರಗಳಿವೆ. ಹಣ ಬರುವುದರಿಂದಲೇ ಮೃಗಗಳ ಸಂತತಿ ಉಳಿದಿದೆಯೆಂಬುದು ಒಂದು. ಇದನ್ನು ಪೂರ್ತಿಯಾಗಿ ಸುಳ್ಳೆನ್ನಲಾಗದು; ಟೆಕ್ಸಾಸಿನಲ್ಲಿ ಕೃಷ್ಣಮೃಗವು ಹೆಚ್ಚಿರುವುದು ನಿಜ. ಆದರೆ ಓಡಿ ಬದುಕಲೆಂದೇ ಕಾಲು ಪಡೆದ ಮೃಗವನ್ನು ಓಡಿದರೂ ಬೇಲಿಗೇ ಮುಟ್ಟುವಂತೆ ಇಟ್ಟಮೇಲೆ ಉಳಿದುದು ಸಂಖ್ಯೆ ಮಾತ್ರ. ಎರಡನೆಯದು ಹೆಚ್ಚು ಕಠಿಣವಾದುದು: ಕಟುಕನ ಕುರಿಗೂ ಬೇಲಿಯ ಸಿಂಹಕ್ಕೂ ಭೇದವೇನು? ಕಟುಕನು ತನ್ನನ್ನು ಶೂರನೆಂದು ಕರೆದುಕೊಳ್ಳುವುದಿಲ್ಲ, ಕುರಿಯ ತಲೆಯನ್ನು ಪಡಸಾಲೆಗೆ ತೂಗಹಾಕುವುದಿಲ್ಲ ಎಂದು ಹೇಳಬಹುದು. ಬೇಟೆಗಾರನ ಹುಸಿಯನ್ನು ಬಯಲಿಗೆಳೆಯಲು ಈ ಉತ್ತರವು ಸಾಕು. ಕುರಿಗೆ ಮಾತ್ರ ಇದರಿಂದ ಯಾವ ಸಮಾಧಾನವೂ ಇಲ್ಲ. ಹಬ್ಬಕ್ಕೆ ತಂದ ಕುರಿಯನ್ನು ಕುರಿತು ಬಸವಣ್ಣನವರು ಇದೇ ಕಲ್ಯಾಣದಲ್ಲಿ ಮರುಗಿದುದನ್ನು ಬಲ್ಲ ಮನೆಗಳಲ್ಲಿ ಈ ಪ್ರಶ್ನೆಯು ಸುಲಭವಾಗಿ ಮುಗಿಯಲಾರದು.

‘ಅರ್ಥಶಾಸ್ತ್ರ’ದ ಆ ಪ್ರಕರಣವನ್ನು ಓದುವವರು ಕೋರೆ ಮುರಿದ ಮೃಗಗಳ ಬಳಿಯೇ ನಿಂತುಬಿಡುವುದುಂಟು. ಅದರ ಮುಂದಿನ ಮಾತಿನಲ್ಲಿಯೇ ನಾಡಿನ ಅಂಚಿನಲ್ಲಿ ಇನ್ನೊಂದು ಮೃಗವನವನ್ನು ನೆಲೆಗೊಳಿಸಬೇಕೆಂದಿದೆ. ಅಲ್ಲಿ ಎಲ್ಲ ಮೃಗಗಳೂ ಅತಿಥಿಗಳು. ಆ ವನಕ್ಕೆ ಎಷ್ಟು ಬಾಗಿಲುಗಳೆಂಬುದನ್ನು ಕೌಟಿಲ್ಯನು ಹೇಳಿಲ್ಲ.