ದಸರಾ ರಜೆಗೆ ಯಾವ ಕಡಲು?

ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ವಾರದಿಂದ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ದಸರಾ ರಜೆಗೆ ಬ್ಯಾಂಕಾಕ್ ನೋಡಿಕೊಂಡು ಯಾವುದಾದರೊಂದು ದ್ವೀಪದಲ್ಲಿ ನಾಲ್ಕು ದಿನ ಬಿದ್ದುಕೊಂಡಿರಬೇಕು, ಯಾವ ದ್ವೀಪ ಹೇಳಿ. ಜೊತೆಗೊಂದು ಫೋಟೊ ಇದ್ದೇ ಇರುತ್ತದೆ. ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬಂಡೆ, ತಿಳಿಹಸಿರು ನೀರು, ಮೂತಿಗೆ ಬಣ್ಣದ ಬಟ್ಟೆ ಕಟ್ಟಿದ ಉದ್ದನೆಯ ದೋಣಿ. ಅದನ್ನು ತೆಗೆದದ್ದು ಫೆಬ್ರುವರಿಯಲ್ಲಿ ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿರುವುದಿಲ್ಲ.

ಅಂಕಣವನ್ನು ಬಿಡದೆ ಓದುವವರಿಗೆ ಉತ್ತರ ಬಾಯಿಪಾಠ. ಮೊದಲು ತಿಂಗಳು, ಆಮೇಲೆ ಕಡಲು, ಕೊನೆಗೆ ದ್ವೀಪ. ಥಾಯ್ಲೆಂಡಿನ ದಕ್ಷಿಣ ಭಾಗ ಕಿರಿದಾದ ನೆಲದ ಪಟ್ಟಿ. ಅದರ ಪಡುವಣಕ್ಕೆ ಅಂಡಮಾನ್ ಸಮುದ್ರ, ಮೂಡಣಕ್ಕೆ ಥಾಯ್ ಕೊಲ್ಲಿ. ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮಾರುತವೇ ಮೇಯಿಂದ ಅಕ್ಟೋಬರ್‌ವರೆಗೆ ಪಡುವಣದ ಫುಕೆಟ್, ಕ್ರಾಬಿ, ಫಿಫಿಗಳನ್ನೂ ಬಡಿಯುತ್ತದೆ. ಮೂಡಣದ ಸಮುಯಿ, ಪಂಗಾನ್, ತಾವ್ ದ್ವೀಪಗಳಿಗೆ ಆ ಮಳೆ ಅಷ್ಟಾಗಿ ತಟ್ಟುವುದಿಲ್ಲ. ಅವುಗಳ ಸರದಿ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಚೆನ್ನೈಯನ್ನು ನೆನೆಸುವ ಈಶಾನ್ಯ ಮಾರುತದ ಕಾಲದಲ್ಲಿ. ನವೆಂಬರ್‌ನಲ್ಲಿ ಸಮುಯಿಗೆ ಹೋದವರು ಹೋಟೆಲಿನ ಕಿಟಕಿಯನ್ನು ಚೆನ್ನಾಗಿ ಪರಿಚಯ ಮಾಡಿಕೊಂಡು ಬರುತ್ತಾರೆ.

ಅಂದಮೇಲೆ ಲೆಕ್ಕ ಸುಲಭ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಂಡಮಾನ್ ದಂಡೆ. ಉಡುಪಿಯಲ್ಲಿ ಆಷಾಢದ ಮಳೆ ಸುರಿಯುವಾಗ ಕೊಲ್ಲಿಯ ದಂಡೆ. ತೊಂದರೆ ಏನೆಂದರೆ, ನಮ್ಮ ಶಾಲೆಗಳ ರಜೆ ಈ ಎರಡಕ್ಕೂ ಹೊಂದುವುದಿಲ್ಲ. ವೇಳಾಪಟ್ಟಿ ಮಾಡಿದವರಿಗೆ ಥಾಯ್ ಕಡಲಿನ ಮೇಲೆ ಏನೋ ಹಳೆಯ ಸಿಟ್ಟಿದ್ದಂತಿದೆ. ಬೇಸಿಗೆ ರಜೆ ಬರುವುದು ಏಪ್ರಿಲ್‌ನ ಕೆಂಡದಂಥ ಬಿಸಿಲಿಗೆ. 13ರಿಂದ 15ರವರೆಗೆ ಅವರ ಹೊಸ ವರ್ಷ ಸೊಂಗ್‌ಕ್ರಾನ್, ಬೀದಿ ತುಂಬ ನೀರೆರಚಾಟ, ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ದಸರಾ ಬರುವುದು ಪಡುವಣದ ಮಳೆ ಪೂರ್ತಿ ನಿಂತಿರದ, ಮೂಡಣದ ಮಳೆ ಶುರುವಾಗುತ್ತಿರುವ ಹೊತ್ತಿಗೆ. ಹವಳದ ದಿಬ್ಬಗಳಿಗೆ ಹೆಸರಾದ ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಾಗಿಲನ್ನೇ ತೆರೆಯುವುದಿಲ್ಲ. ಫುಕೆಟ್‌ನ ಪಶ್ಚಿಮದ ಬೀಚುಗಳಲ್ಲಿ ಆಗ ಕೆಂಪು ಬಾವುಟ ಹಾರುತ್ತಿರುತ್ತದೆ. ಮಳೆಗಾಲದಲ್ಲಿ ಗೋಕರ್ಣದಲ್ಲಿ ನೀರಿಗಿಳಿಯಬೇಡಿ ಎಂದರೆ ತಲೆಯಾಡಿಸುವ ಜನ, ವಿಮಾನದ ಟಿಕೆಟ್‌ಗೆ ದುಡ್ಡು ಕೊಟ್ಟು ಹೋದ ಮೇಲೆ ಆ ಬಾವುಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಸೆಳೆತಕ್ಕೆ ಸಿಕ್ಕಿ ಪ್ರತಿ ಮಳೆಗಾಲದಲ್ಲೂ ಪ್ರವಾಸಿಗರು ಮುಳುಗುತ್ತಾರೆ.

ಇಷ್ಟೆಲ್ಲ ಯೋಚನೆಯೇ ಬೇಡವೆನ್ನುವ ಒಂದು ಪಂಥವಿದೆ. ಅದರ ಮಂತ್ರ ‘ಬ್ಯಾಂಕಾಕ್–ಪಟ್ಟಾಯ, ನಾಲ್ಕು ರಾತ್ರಿ ಐದು ಹಗಲು’. ಈ ಪಂಥದೊಂದಿಗೆ ಅಂಕಣದ ಜಗಳ ಇಂದು ನಿನ್ನೆಯದಲ್ಲ. ಪಟ್ಟಾಯ ಬ್ಯಾಂಕಾಕಿನಿಂದ ಸುಮಾರು 150 ಕಿ.ಮೀ., ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಪ್ಯಾಕೇಜ್‌ನವರಿಗೆ ಅದು ಪ್ರಿಯವಾಗಿರುವುದು ಅಷ್ಟಕ್ಕೇ ಹೊರತು ಅಲ್ಲಿನ ಕಡಲ ಚೆಲುವಿಗಲ್ಲ. ಮೀನುಗಾರರ ಊರಾಗಿದ್ದ ಅದು 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರು ರಜೆ ಕಳೆಯಲು ಬರತೊಡಗಿದ ಮೇಲೆ ಬೆಳೆದ ಪಟ್ಟಣ. ಆ ಗುಣ ಇನ್ನೂ ಬಿಟ್ಟಿಲ್ಲ. ಎದುರಿಗಿರುವ ಲಾನ್ ಎಂಬ ದ್ವೀಪಕ್ಕೆ ಕರಪತ್ರಗಳಲ್ಲಿ ‘ಕೋರಲ್ ಐಲ್ಯಾಂಡ್’ ಎಂದು ನಾಮಕರಣ. ಬೆಳಿಗ್ಗೆ ಸ್ಪೀಡ್‌ಬೋಟ್, ನಡುನೀರಿನ ಕಟ್ಟೆಯ ಮೇಲೆ ಪ್ಯಾರಾಸೈಲಿಂಗ್‌ಗೆ ಸಾಲು, ಮಧ್ಯಾಹ್ನ ಪನೀರ್ ಬಟರ್ ಮಸಾಲ, ಸಂಜೆ ಹರಳಿನ ಅಂಗಡಿಗೆ ಕಡ್ಡಾಯ ಭೇಟಿ. ಇದನ್ನು ದ್ವೀಪ ಪ್ರವಾಸವೆಂದು ಕರೆಯುವ ಧೈರ್ಯ ಮೆಚ್ಚತಕ್ಕದ್ದು.

ಇನ್ನೊಂದು ತಕರಾರು ಅನುಕ್ರಮದ್ದು. ಮೊದಲು ನಗರದ ಓಡಾಟ, ಕೊನೆಗೆ ಕಡಲ ತೀರದಲ್ಲಿ ವಿಶ್ರಾಂತಿ ಎಂದು ಎಲ್ಲರೂ ಹೇಳುತ್ತಾರೆ. ಅಂಕಣಕಾರನ ಹಠ ಇದಕ್ಕೆ ತಿರುವುಮುರುವು: ದ್ವೀಪ ಮೊದಲು, ನಗರ ಕೊನೆಗೆ. ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ, ಮತ್ತೆ ಯಾವಾಗ ಹೊರಡುತ್ತದೆಂದು ಯಾರೂ ಭರವಸೆ ಕೊಡಲಾರರು. ಮನೆಗೆ ಮರಳುವ ವಿಮಾನ ನಾಳೆ ಬೆಳಿಗ್ಗೆ ಎನ್ನುವಾಗ ಜೆಟ್ಟಿಯ ಮೇಲೆ ಕುಳಿತು ಅಲೆ ಎಣಿಸುವ ಕಷ್ಟ ಶತ್ರುವಿಗೂ ಬೇಡ. ನಗರ ಕೊನೆಗಿದ್ದರೆ ಒಂದು ದಿನ ಆಚೀಚೆಯಾದರೂ ನಷ್ಟವಾಗುವುದು ಒಂದು ಮಾಲ್‌ನ ಭೇಟಿ ಮಾತ್ರ. ಕೊಂಡ ಸಾಮಾನನ್ನು ದೋಣಿಯಿಂದ ದೋಣಿಗೆ ಹೊರುವ ಗೋಳೂ ತಪ್ಪುತ್ತದೆ.

ಬೆಂಗಳೂರಿನಿಂದ ಫುಕೆಟ್‌ಗೆ ನೇರ ವಿಮಾನ ಇರುವುದರಿಂದ ಪಡುವಣಕ್ಕೆ ಹೋಗುವವರಿಗೆ ಇದು ಸಲೀಸು. ಕೊಲ್ಲಿಯ ಕಡೆಗೆ ಸ್ವಲ್ಪ ಸುತ್ತು. ಸಮುಯಿಯ ವಿಮಾನ ನಿಲ್ದಾಣ 1989ರಲ್ಲಿ ಖಾಸಗಿ ವಿಮಾನ ಸಂಸ್ಥೆಯೊಂದು ಕಟ್ಟಿಸಿದ್ದು, ಟಿಕೆಟ್ ದುಬಾರಿ. ಅದರ ಬದಲು ರಾತ್ರಿ ರೈಲಿದೆ: ಬ್ಯಾಂಕಾಕಿನಿಂದ ಸೂರತ್ ಥಾನಿ ಸುಮಾರು 650 ಕಿ.ಮೀ., ಅಲ್ಲಿಂದ ಬಸ್ಸು ಮತ್ತು ಫೆರಿ ಸೇರಿಸಿ ಒಂದೇ ಟಿಕೆಟ್. ತಾವ್ ದ್ವೀಪಕ್ಕಾದರೆ ಅದಕ್ಕೂ ಮೊದಲೇ ಚುಂಫೋನ್‌ನಲ್ಲಿ ಇಳಿಯಬೇಕು. ಹಳೆಯ ಪ್ರವಾಸ ಪುಸ್ತಕ ಕೈಯಲ್ಲಿ ಹಿಡಿದು 1916ರ ಚೆಂದದ ಹುವಾ ಲಾಂಫೋಂಗ್ ನಿಲ್ದಾಣಕ್ಕೆ ಹೋದರೆ ಮಾತ್ರ ರೈಲು ತಪ್ಪುತ್ತದೆ. 2023ರ ಜನವರಿಯಿಂದ ದೂರದ ರೈಲುಗಳೆಲ್ಲ ಕ್ರುಂಗ್ ಥೆಪ್ ಅಭಿವತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ.

ಕಾಗದಪತ್ರದ ವಿಷಯ ಎರಡೇ ಮಾತು. ಭಾರತೀಯರಿಗೆ ವೀಸಾ ವಿನಾಯಿತಿ ಸಿಕ್ಕಿದ್ದು 2023ರ ನವೆಂಬರ್‌ನಲ್ಲಿ, ಆಗ 30 ದಿನ. 2024ರ ಜುಲೈನಲ್ಲಿ ಅದು 60 ದಿನವಾಯಿತು. ಇಂಥ ನಿಯಮಗಳು ಯಾವಾಗ ಬೇಕಾದರೂ ಬದಲಾಗುವುದರಿಂದ ದುಡ್ಡು ಕಟ್ಟುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆ ನೋಡಬೇಕು. 2025ರ ಮೇಯಿಂದ ಹಿಂದೆ ವಿಮಾನದಲ್ಲಿ ಕೊಡುತ್ತಿದ್ದ ಆಗಮನದ ಚೀಟಿಯ ಬದಲು, ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವ ವ್ಯವಸ್ಥೆ ಬಂದಿದೆ. ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಮತ್ತೆ ಆ ಫೋಟೊಗೆ ಬರೋಣ. ಹತ್ತರಲ್ಲಿ ಐದು ಪತ್ರಗಳಲ್ಲಿ ಇರುವುದು ಫಿಫಿ ಲೇ ದ್ವೀಪದ ಮಾಯಾ ಕೊಲ್ಲಿಯ ಚಿತ್ರ. ಅಲೆಕ್ಸ್ ಗಾರ್ಲೆಂಡ್ 1996ರಲ್ಲಿ ಬರೆದ ‘ದ ಬೀಚ್’ ಕಾದಂಬರಿಯ ಗುಪ್ತ ದ್ವೀಪ ಇರುವುದು ಮೂಡಣದಲ್ಲಿ, ಸಮುಯಿ ಹತ್ತಿರದ ಆಂಗ್ ಥೋಂಗ್ ದ್ವೀಪಸ್ತೋಮದಲ್ಲಿ. ಅದು ಸಿನಿಮಾ ಆಗಿ 2000ದಲ್ಲಿ ಬಂದಾಗ ಲಿಯೊನಾರ್ಡೊ ಡಿಕಾಪ್ರಿಯೊ ಓಡಾಡಿದ್ದು ಪಡುವಣದ ಮಾಯಾ ಕೊಲ್ಲಿಯಲ್ಲಿ. ಸಿನಿಮಾದವರು ಒಂದು ಕಡಲಿನ ದ್ವೀಪವನ್ನು ಇನ್ನೊಂದು ಕಡಲಿಗೆ ಎತ್ತಿಟ್ಟರು. ಮರಳಿನ ದಿಬ್ಬ ಸವರಿ ತೆಂಗಿನ ಮರ ನೆಟ್ಟರು, ಅದಕ್ಕಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. ಅಲ್ಲಿಂದ ಜನ ಮುಗಿಬಿದ್ದರು. ದಿನಕ್ಕೆ ಸಾವಿರಗಟ್ಟಲೆ ಕಾಲು, ನೂರಾರು ಲಂಗರು, ಹವಳ ಸತ್ತಿತು. 2018ರ ಜೂನ್‌ನಲ್ಲಿ ಮುಚ್ಚಿದ ಕೊಲ್ಲಿ ತೆರೆದದ್ದು 2022ರ ಜನವರಿಯಲ್ಲಿ. ಈಗ ದೋಣಿಗಳು ದ್ವೀಪದ ಬೆನ್ನಿಗೆ ನಿಲ್ಲುತ್ತವೆ, ಜನ ಮರದ ಹಲಗೆಯ ದಾರಿಯಲ್ಲಿ ನಡೆದು ಬರುತ್ತಾರೆ. ಈಜುವಂತಿಲ್ಲ. ಪ್ರತಿವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮತ್ತೆ ಬೀಗ. ಮನುಷ್ಯರು ದೂರವಾದ ಮೇಲೆ ರೆಕ್ಕೆಯ ತುದಿ ಕಪ್ಪಾಗಿರುವ ಸಣ್ಣ ಶಾರ್ಕ್‌ಗಳು ದಡದ ತೆಳುನೀರಿಗೆ ಮರಳಿ ಬಂದಿವೆ. ರಾಷ್ಟ್ರೀಯ ಉದ್ಯಾನದ ಕಡಲಿಗೆ ಇಳಿಯುವವರು ಸನ್‌ಸ್ಕ್ರೀನ್ ಡಬ್ಬಿಯ ಹಿಂಬದಿಯನ್ನೂ ಓದಬೇಕು: ಆಕ್ಸಿಬೆಂಜೋನ್, ಆಕ್ಟಿನೋಕ್ಸೇಟ್ ಮುಂತಾದ ನಾಲ್ಕು ರಾಸಾಯನಿಕಗಳಿಗೆ 2021ರಿಂದ ನಿಷೇಧ, ದಂಡ ಒಂದು ಲಕ್ಷ ಬಾತ್‌ವರೆಗೆ.

ನಗರದ ಮಾತಿಗೆ ಬಂದರೆ, ಬ್ಯಾಂಕಾಕ್ ನೋಡಲು ಟ್ಯಾಕ್ಸಿ ಹಿಡಿಯುವವರು ಸಿಗ್ನಲ್‌ಗಳನ್ನು ನೋಡಿ ಬರುತ್ತಾರೆ. ಸ್ಕೈಟ್ರೇನ್‌ನಲ್ಲಿ ಸಫಾನ್ ತಕ್ಸಿನ್‌ಗೆ ಹೋಗಿ, ಕೆಳಗಿಳಿದು ಚಾವೊ ಫ್ರಾಯಾ ನದಿಯ ಕಿತ್ತಳೆ ಬಾವುಟದ ದೋಣಿ ಹತ್ತಿದರೆ ನೋಡಬೇಕಾದ್ದೆಲ್ಲ ಒಂದರ ಹಿಂದೆ ಒಂದು ದಡಕ್ಕೆ ಬರುತ್ತದೆ. ಪಿಂಗಾಣಿ ಚೂರು ಮೆತ್ತಿದ ವಾಟ್ ಅರುಣ್ ಒಂದು ದಡದಲ್ಲಿ, 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಫೋ ಎದುರು ದಡದಲ್ಲಿ. ಥಾಯ್ ರಾಜರ ಅರಮನೆಯ ಹಾದಿಯಲ್ಲಿ ನಗುಮುಖದ ಒಬ್ಬ ‘ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ’ ಎನ್ನುತ್ತಾನೆ. ಮುಚ್ಚಿರುವುದಿಲ್ಲ. ಮುಂದೆ ನಡೆಯಬೇಕು, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆಯಲ್ಲಿ.

ಅರಮನೆಯ ಆವರಣದ ವಾಟ್ ಫ್ರಾ ಕೇವ್‌ನಲ್ಲಿ ಎಲ್ಲರೂ ಪಚ್ಚೆ ಬುದ್ಧನಿಗೆ ಕೈಮುಗಿದು ಹೊರಡುತ್ತಾರೆ. ಕನ್ನಡದ ಓದುಗರು ಇನ್ನೂ ಒಂದು ಗಂಟೆ ಉಳಿಯಲಿ. ಸುತ್ತಲ ಪ್ರಾಕಾರದ ಗೋಡೆಯ ಮೇಲೆ 178 ಚಿತ್ರಗಳಲ್ಲಿ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ, ಬಿಡಿಸಿದೆ. 1782ರಲ್ಲಿ ಬ್ಯಾಂಕಾಕನ್ನು ರಾಜಧಾನಿ ಮಾಡಿದ ಒಂದನೇ ರಾಮನ ಕಾಲದಲ್ಲಿ ಶುರುವಾದ ಕೆಲಸ, ಆಮೇಲೆ ಹಲವು ಸಲ ತಿದ್ದಿ ಬರೆದದ್ದು. ಇದರಲ್ಲಿ ಸೇತುಬಂಧದ ಭಾಗವನ್ನು ಹುಡುಕಿ ನೋಡಬೇಕು. ವಾನರರು ಹಗಲೆಲ್ಲ ಹಾಕಿದ ಬಂಡೆಗಳನ್ನು ಮೀನುಗಳು ಹೊತ್ತೊಯ್ಯುತ್ತವೆ. ಹನುಮಂತ ನೀರಿಗೆ ಧುಮುಕಿ ನೋಡಿದರೆ ಮೀನುಗಳ ದಂಡಿಗೆ ಒಡತಿ ಸುಪನ್ನಮಚ್ಛಾ ಎಂಬ ಚೆಲುವೆ, ಸೊಂಟದ ಕೆಳಗೆ ಮೀನು, ರಾವಣನ ಮಗಳು. ಅಟ್ಟಿಸಿಕೊಂಡು ಹೋದವನು ಅವಳಿಗೆ ಮನಸೋಲುತ್ತಾನೆ, ಅವಳೂ ಒಲಿಯುತ್ತಾಳೆ, ಬಂಡೆಗಳು ವಾಪಸಾಗುತ್ತವೆ. ಮುಂದೆ ಅವರಿಗೊಬ್ಬ ಮಗ, ಮಚ್ಛಾನು; ಕೋತಿಯ ಮೈ, ಮೀನಿನ ಬಾಲ. ಮೈರಾವಣನ ಕಥೆ ಕೇಳಿ ಬೆಳೆದ ನಮಗೆ ಈ ಮಗ ಅಪರಿಚಿತನಲ್ಲ. ಆದರೆ ನಮ್ಮ ಕಥೆಯಲ್ಲಿ ಹನುಮಂತನ ಬೆವರಹನಿಯನ್ನು ಮೀನು ನುಂಗಿ ಬ್ರಹ್ಮಚರ್ಯ ಉಳಿಯುತ್ತದೆ. ಥಾಯ್ ಕಥೆಗಾರರಿಗೆ ಆ ದಾಕ್ಷಿಣ್ಯವಿಲ್ಲ. ಪೇಟೆಯಲ್ಲಿ ಬಟ್ಟೆಯ ಮೇಲೆ ಬರೆದ ಹನುಮ ಮತ್ತು ಮತ್ಸ್ಯಕನ್ಯೆಯರ ಚಿತ್ರ ಅದೃಷ್ಟಕ್ಕೆಂದು ಮಾರಾಟವಾಗುತ್ತದೆ.

ಇಷ್ಟು ಬರೆದ ಮೇಲೂ ದಸರಾ ರಜೆಯ ಪ್ರಶ್ನೆ ಹಾಗೇ ಉಳಿದಿದೆ, ಕಂಪೋಸಿಂಗ್‌ನವರು ಪುಟ ಕೇಳುತ್ತಿದ್ದಾರೆ. ಕಡಲು ಕೈಕೊಟ್ಟರೂ ಆ ತಿಂಗಳು ಕೈಬಿಡದ ಒಂದು ಕಾರಣವಿದೆ, ಅದೂ ಮೂರು ಹೊತ್ತಿನ ಅವಲಕ್ಕಿ, ಗೊಜ್ಜನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುವ ಸಸ್ಯಾಹಾರಿಗಳಿಗೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಪಾಡ್ಯದಿಂದ ಒಂಬತ್ತು ದಿನ ಫುಕೆಟ್ ಪಟ್ಟಣದಲ್ಲಿ ಸಸ್ಯಾಹಾರದ ಹಬ್ಬ. 1825ರಲ್ಲಿ ಕಥೂ ಎಂಬಲ್ಲಿ ತವರದ ಗಣಿ ಕೆಲಸಗಾರರಿಗೆ ಆಟ ತೋರಿಸಲು ಬಂದ ಚೀನೀ ನಾಟಕ ಮಂಡಳಿಯವರು ಕಾಯಿಲೆ ಬಿದ್ದು, ಮಾಂಸ ಬಿಟ್ಟು ವ್ರತ ಹಿಡಿದು ಗುಣವಾದರೆಂದು ಐತಿಹ್ಯ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದಲ್ಲೆಲ್ಲ ‘ಜೇ’ ಅಡುಗೆ: ಮಾಂಸ, ಮೀನಿನ ಸಾರ, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಉಡುಪಿಯ ಮಠದ ಊಟ ಉಂಡವರು ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು. ಬೀದಿಯಲ್ಲಿ ಮಾತ್ರ ಗಟ್ಟಿ ಎದೆ ಬೇಕು. ಮೈಮೇಲೆ ದೇವರು ಬಂದವರು ಕೆನ್ನೆಗೆ ಸರಳು ಚುಚ್ಚಿಕೊಂಡು ಪಟಾಕಿಯ ಹೊಗೆಯಲ್ಲಿ ಮೆರವಣಿಗೆ ಹೋಗುತ್ತಾರೆ, ರಾತ್ರಿ ಕೊಂಡ ಹಾಯುತ್ತಾರೆ. ನಮ್ಮ ಜಾತ್ರೆಗಳ ಬಾಯಿಬೀಗ ಕಂಡವರಿಗೆ ಇದೇನೂ ಹೊಸತಲ್ಲ.

ಹೆಚ್ಚಿನ ವರ್ಷ ಈ ಒಂಬತ್ತು ದಿನ ಮತ್ತು ನಮ್ಮ ನವರಾತ್ರಿ ಜೊತೆಜೊತೆಗೇ ಬರುತ್ತವೆ. 2024ರಲ್ಲಿ ಎರಡೂ ಶುರುವಾದದ್ದು ಅಕ್ಟೋಬರ್ 3ರಂದು. ಚೀನೀಯರ ಅಧಿಕಮಾಸ ಬೇರೆ ವರ್ಷ ಬಿದ್ದರೆ ನಡುವೆ ತಿಂಗಳ ಅಂತರ. 2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೆ, ಫುಕೆಟ್ ಹಬ್ಬ ಅಕ್ಟೋಬರ್ 21ಕ್ಕೆ ಆಯಿತು. ಹಾಗಾಗಿ ಟಿಕೆಟ್ ತೆಗೆಯುವ ಮೊದಲು ಎರಡು ಪಂಚಾಂಗ ನೋಡಬೇಕು. ದಿನಗಳು ಕೂಡಿಬಂದರೆ ಫುಕೆಟ್‌ನಲ್ಲಿ ಹಬ್ಬದ ಕೊನೆಯ ದಿನಗಳನ್ನು ಮುಗಿಸಿ ವಿಜಯದಶಮಿಗೆ ಬ್ಯಾಂಕಾಕಿಗೆ ಬರಬಹುದು. ಸೀಲೋಮ್ ರಸ್ತೆಯಲ್ಲಿ 19ನೇ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಿದೆ. ಅಂದು ರಾತ್ರಿ ಅಮ್ಮನ ಮೆರವಣಿಗೆಗೆ ರಸ್ತೆ ಮುಚ್ಚುತ್ತಾರೆ. ಇಕ್ಕೆಲದಲ್ಲಿ ಚೆಂಡುಹೂವಿನ ಮಂಟಪ ಹಾಕಿಕೊಂಡು ಕಾಯುವವರಲ್ಲಿ ಬಹುಪಾಲು ಥಾಯ್ ಬೌದ್ಧರೇ. ಆ ಹೊತ್ತಿನಲ್ಲಿ ಟ್ಯಾಕ್ಸಿಯ ಆಸೆ ಬಿಟ್ಟು ಸ್ಕೈಟ್ರೇನ್‌ನ ಸುರಸಾಕ್ ನಿಲ್ದಾಣದಲ್ಲಿ ಇಳಿದು ಪ್ಯಾನ್ ರಸ್ತೆಯಲ್ಲಿ ನಡೆಯುವುದು ಒಳ್ಳೆಯದು. ಗುಡಿಯೊಳಗೆ ಫೋಟೊ ತೆಗೆಯಲು ಬಿಡುವುದಿಲ್ಲ.