ಹೆಸರು ಬೆಂಗಳೂರಿನದು, ಟೀಮು ಯಾರದು?

ಮಾಗೋಡಿನಿಂದ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು. ಮಡಗಾಂವ್‌ನ ಫತೋರ್ಡಾ ಸ್ಟೇಡಿಯಮ್ಮಿಗೆ ಅದರ ಅರ್ಧವೂ ಇಲ್ಲ. ಬರೀ ದೂರದ ಲೆಕ್ಕ ಹಿಡಿದರೆ ಯಲ್ಲಾಪುರದ ಹುಡುಗರೆಲ್ಲ ಎಫ್‌ಸಿ ಗೋವಾ ಜರ್ಸಿ ಹಾಕ್ಕೊಂಡು ತಿರುಗಬೇಕಿತ್ತು. ಆದರೆ 2019ರ ಮಾರ್ಚ್‌ನಲ್ಲಿ ಐಎಸ್ಎಲ್ ಫೈನಲ್‌ನ ಹೆಚ್ಚುವರಿ ಸಮಯ ಮುಗಿಯಲು ಮೂರೇ ನಿಮಿಷ ಇದ್ದಾಗ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದು ಗೋವಾವನ್ನು ಸೋಲಿಸಿದನಲ್ಲ, ಆಗ ನಮ್ಮ ಕಡೆಯವರು ಕುಣಿದಿದ್ದು ಬೆಂಗಳೂರು ಎಫ್‌ಸಿ ಗೆದ್ದಿದ್ದಕ್ಕೇ. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಬೆಂಗಳೂರು ಅಂದರೆ ನಮ್ಮದು, ಅಷ್ಟೇ.

ಈ 'ನಮ್ಮದು' ಅನ್ನೋ ಮಾತನ್ನು ಒಮ್ಮೆಯಾದರೂ ಬಿಡಿಸಿ ನೋಡಬೇಕು ಅನ್ನೋದು ನನ್ನ ವಾದ. ಬೇಡ್ತಿ ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ ಮ್ಯಾಚ್ ನೋಡುವವರು, ಅಡಿಕೆ ಸುಲಿಯುತ್ತಾ ಕಿವಿಯಲ್ಲಿ ಕಾಮೆಂಟರಿ ಇಟ್ಟುಕೊಂಡವರು, ಬೆಂಗಳೂರಿನ ಪಿಜಿಯಲ್ಲಿ ಮ್ಯಾಗಿ ತಿಂದು ಸಾವಿರಾರು ರೂಪಾಯಿಯ ಟಿಕೆಟ್ ತೆಗೆಯುವವರು, ಎಲ್ಲರೂ ಈ ಟೀಮುಗಳಿಗೆ ತಮ್ಮಲ್ಲಿದ್ದುದನ್ನು ಕೊಟ್ಟಿದ್ದಾರೆ. ಟೀಮು ವಾಪಸ್ ಏನು ಕೊಟ್ಟಿದೆ? ನಮ್ಮೂರಿನ ಹಿರಿಯರೊಬ್ಬರು ಹೋದ ಜೂನ್‌ನಲ್ಲಿ ಫೋನಿನಲ್ಲಿ ಕೇಳಿದ್ದು ಹೀಗೆ: "ತಮಾ, ನಿಂಗಳ ಟೀಮು ಗೆದ್ದಡ, ಹೌದಾ?" ನಂಗಳ ಅನ್ನಲಿಲ್ಲ, ನಿಂಗಳ ಅಂದರು. ಅವರಿಗೆ ಆರ್‌ಸಿಬಿ ಬೆಂಗಳೂರಿಗೆ ಹೋದ ಹುಡುಗರ ಸಂಗತಿ, ಊರಿನದಲ್ಲ.

ಹಾಗಾದರೆ ಊರಿನ ಟೀಮು ಅಂದರೆ ಯಾವುದು? ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲದ ಪ್ರಶ್ನೆಯೇನಲ್ಲ. ಪೆರ್ಡೂರು ಮೇಳ, ಸಾಲಿಗ್ರಾಮ ಮೇಳ ಎರಡೂ ಬೇರೆ ಜಿಲ್ಲೆಯ ಊರಿನ ಹೆಸರು ಹೊತ್ತವು, ಎರಡೂ ಟಿಕೆಟ್ ಇಟ್ಟು ಆಟ ಆಡುವ ವೃತ್ತಿ ಮೇಳಗಳು. ಆದರೂ ಸಿರಸಿ, ಸಿದ್ದಾಪುರ, ಯಲ್ಲಾಪುರದವರು ಅವನ್ನು ಹೊರಗಿನವು ಅಂತ ನೋಡಿಲ್ಲ. ಕಾರಣ ಸರಳ. ಡೇರೆ ಹೊತ್ತು ಅವೇ ನಮ್ಮ ಬಯಲಿಗೆ ಬರುತ್ತವೆ. ಆ ಮೇಳಗಳಲ್ಲಿ ನಮ್ಮ ಜಿಲ್ಲೆಯ ವೇಷಧಾರಿಗಳು, ಭಾಗವತರು ಇರುತ್ತಾರೆ. ಚಂದಾ ಕೇಳಲು, ಆಟ ಚೆನ್ನಾಗಿಲ್ಲದಿದ್ದರೆ ಬೈಯಲು, ಎದುರಿಗೆ ಒಬ್ಬ ಯಜಮಾನ ಸಿಗುತ್ತಾನೆ. ಇದರಿಂದಲೇ ನಾನು ಮೂರು ಪ್ರಶ್ನೆ ಮಾಡಿಕೊಂಡೆ. ಟೀಮು ನಮ್ಮ ಹತ್ತಿರ ಬರುತ್ತಾ? ನಮ್ಮವರಿಗೆ ಅದರಲ್ಲಿ ಜಾಗ ಇದೆಯಾ? ಕಷ್ಟ ಬಂದಾಗ ಎದುರಿಗೆ ಸಿಗುತ್ತಾ? ಈಗ ಒಂದೊಂದೇ ಟೀಮನ್ನು ತೂಗೋಣ.

ಮೊದಲು ಆರ್‌ಸಿಬಿ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲೇ ಮೆಕಲಮ್ ಒಬ್ಬನೇ 158 ಹೊಡೆದ, ನಾವು 82ಕ್ಕೆ ಆಲೌಟ್. ಶುರುವೇ ಹಾಗೆ. ಆದರೂ ಆ ಮೊದಲ ವರ್ಷಗಳ ಟೀಮಿನಲ್ಲಿ ದ್ರಾವಿಡ್, ಕುಂಬ್ಳೆ, ವಿನಯ್ ಕುಮಾರ್, ಸುನಿಲ್ ಜೋಶಿ ಇದ್ದರು. ಗದಗಿನ ಜೋಶಿ, ದಾವಣಗೆರೆಯ ವಿನಯ್ ಅಂದರೆ ನಮ್ಮಂಥ ಊರುಗಳಿಂದಲೂ ಅಲ್ಲಿಗೆ ದಾರಿ ಇದೆ ಅನ್ನೋದಕ್ಕೆ ಸಾಕ್ಷಿ. 2009ರಲ್ಲಿ ಐಪಿಎಲ್ ಶತಕ ಹೊಡೆದ ಮೊದಲ ಭಾರತೀಯ ಮನೀಷ್ ಪಾಂಡೆ, ಅದೂ ಆರ್‌ಸಿಬಿ ಪರ. 2016ರ ಫೈನಲ್ ಎಂಟು ರನ್ನಿನಿಂದ ಸೋತಾಗಲೂ ಹನ್ನೊಂದರಲ್ಲಿ ಕೆ.ಎಲ್. ರಾಹುಲ್, ಸ್ಟುವರ್ಟ್ ಬಿನ್ನಿ, ಅರವಿಂದ್ ಇದ್ದರು.

ಈಗ 2025ರ ಜೂನ್ 3 ನೋಡಿ. ಹದಿನೆಂಟನೇ ವರ್ಷಕ್ಕೆ ಕಪ್ ಬಂತು, ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರು ರನ್ ಗೆಲುವು. ಆ ಹನ್ನೊಂದರಲ್ಲಿ ನಮ್ಮ ರಾಜ್ಯದವನು ಒಬ್ಬನೇ, ಮಯಾಂಕ್ ಅಗರ್ವಾಲ್. ಅವನೂ ಗಾಯಗೊಂಡ ದೇವದತ್ ಪಡಿಕ್ಕಲ್ ಬದಲಿಗೆ ಸೀಸನ್ ಮಧ್ಯದಲ್ಲಿ ಬಂದವನು. ಅದೇ ಸೀಸನ್ನಿನ ಪರ್ಪಲ್ ಕ್ಯಾಪ್ ಸಿಕ್ಕಿದ್ದು ಗುಜರಾತ್ ಪರ ಆಡಿದ ನಮ್ಮ ಪ್ರಸಿದ್ಧ ಕೃಷ್ಣನಿಗೆ. ಇನ್ನು ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ ದೆಹಲಿ ಪರ 93 ಹೊಡೆದು ನಮ್ಮನ್ನು ಸೋಲಿಸಿದ ರಾಹುಲ್, ಬ್ಯಾಟಿನಿಂದ ನೆಲದಲ್ಲಿ ಗೆರೆ ಎಳೆದು 'ಇದು ನನ್ನ ಜಾಗ' ಅಂತ ತೋರಿಸಿದ್ದು ನೆನಪಿದೆಯಲ್ಲ? ಆವತ್ತು ಸೋತ ಬೇಜಾರಿನಲ್ಲೂ ಸ್ಟೇಡಿಯಮ್ಮಿನ ಅರ್ಧ ಜನಕ್ಕೆ ಒಳಗೊಳಗೇ ಖುಷಿಯಾಗಿತ್ತು. ಅವನು ಹೇಳಿದ್ದು ನಿಜವೂ ಆಗಿತ್ತು. ಮೈದಾನ ಅವನದು, ಟೀಮು ಮಾತ್ರ ಅವನದಾಗಿರಲಿಲ್ಲ.

'ಹರಾಜು ಅಂದಮೇಲೆ ಹಾಗೇ, ಯಾರ ಕೈಲೂ ಇಲ್ಲ' ಅನ್ನುವವರಿದ್ದಾರೆ. ಒಪ್ಪೋಣ. ಹನ್ನೊಂದೂ ಜನ ಕನ್ನಡಿಗರೇ ಇರಬೇಕು ಅನ್ನುವ ಹಟವೂ ನನಗಿಲ್ಲ. ದೆಹಲಿಯ ಕೊಹ್ಲಿ 2008ರಿಂದ ಇದೇ ಟೀಮಿನಲ್ಲಿ ಇದ್ದಾನೆ. 2016ರಲ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದೂ ಕಪ್ ಸಿಗದೆ ನಿಂತಿದ್ದು, ಕೊನೆಗೆ ಗೆದ್ದಾಗ ಮೊಣಕಾಲೂರಿ ಅತ್ತಿದ್ದು ನಾವು ನೋಡಿದ್ದೇವೆ. ಅವನು ಈ ಊರಿನವನಲ್ಲ ಅಂದರೆ ಯಾರು ನಂಬುತ್ತಾರೆ? ಹುಟ್ಟಿದರೆ ಮಾತ್ರ ಊರು ನಮ್ಮದಾಗುತ್ತದೆ ಅಂತಿಲ್ಲ, ಉಳಿದರೂ ಆಗುತ್ತದೆ. ಆದರೆ ಒಬ್ಬ ಆಟಗಾರ ಕೊಟ್ಟ ನಿಷ್ಠೆಯನ್ನು ಕಂಪನಿಯ ಖಾತೆಗೆ ಜಮಾ ಮಾಡೋದು ಸರಿಯಲ್ಲ.

ಹೆಣ್ಣುಮಕ್ಕಳ ಟೀಮಿನ ಮಾತು ಬೇರೆ. ಗಂಡಸರು ಹದಿನಾರು ವರ್ಷ ಮಾಡಲಾಗದ್ದನ್ನು ಸ್ಮೃತಿ ಮಂಧಾನ ಬಳಗ 2024ರ ಮಾರ್ಚ್‌ನಲ್ಲಿ, ಎರಡನೇ ಸೀಸನ್ನಿಗೇ ಮಾಡಿ ಮುಗಿಸಿತು. ಫೈನಲ್‌ನಲ್ಲಿ 12 ರನ್ನಿಗೆ ನಾಲ್ಕು ವಿಕೆಟ್ ಕಿತ್ತವಳು ನಮ್ಮ ಶ್ರೇಯಾಂಕಾ ಪಾಟೀಲ್, ಆ ಸಲದ ಪರ್ಪಲ್ ಕ್ಯಾಪ್ ಕೂಡ ಅವಳದೇ. ಕನ್ನಡ ಮನೆಮಾತಲ್ಲದ ಸ್ಮೃತಿ ಮೈಕಿನ ಮುಂದೆ 'ನಮ್ದೇ' ಅನ್ನೋದನ್ನು 'ನಮ್ದು' ಅಂತ ತಿದ್ದಿ ಹೇಳಿದಳು. ವರ್ಷಗಳಿಂದ ಕೂಗಿದ ಘೋಷಣೆ ಅವತ್ತು ಸುದ್ದಿಯಾಯಿತು.

ಕೆಲವೇ ದಿನದಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು. ರಿಷಬ್ ಶೆಟ್ಟಿ ಕಂಬಳದ ಕೋಣಗಳ ಜೊತೆ ಜಾಹೀರಾತಿನಲ್ಲಿ ಬಂದರು, ನಮಗೆಲ್ಲ ರೋಮಾಂಚನ. ನನಗೂ ಇಷ್ಟವಾಗಿತ್ತು ಅನ್ನಿ. ಆದರೆ ಹೆಸರು ಬದಲಿಸಿದ ಟೀಮು ವಿಳಾಸ ವಿಸ್ತರಿಸಲಿಲ್ಲ. ರಾಜಸ್ಥಾನ ಗುವಾಹಟಿಗೆ ಹೋಗಿ ಆಡಿದೆ, ಪಂಜಾಬ್ ಧರ್ಮಶಾಲಾಕ್ಕೆ, ದೆಹಲಿ ವಿಶಾಖಪಟ್ಟಣಕ್ಕೆ. ಆರ್‌ಸಿಬಿ ಒಂದೇ ಒಂದು ಪಂದ್ಯ ಹುಬ್ಬಳ್ಳಿಗಾಗಲಿ ಮೈಸೂರಿಗಾಗಲಿ ತಂದಿಲ್ಲ. ಐಪಿಎಲ್‌ಗೆ ಬೇಕಾದ ಸೌಲಭ್ಯ ಅಲ್ಲಿಲ್ಲ ಅಂತಾರೆ. ಇರಬಹುದು. ಕೊನೇಪಕ್ಷ ಒಂದು ಅಭ್ಯಾಸ ಪಂದ್ಯ?

ಇನ್ನು ಮೂರನೇ ಪ್ರಶ್ನೆ. 2025ರ ಜೂನ್ 4. ಕಪ್ ಬಂದ ಮರುದಿನ ಚಿನ್ನಸ್ವಾಮಿಯ ಗೇಟುಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು, ಈ ಪುಸ್ತಕ ಓದುತ್ತಿರುವ ನಿಮ್ಮ ನನ್ನಂಥವರು. ಯಾರ ತಪ್ಪು ಎಷ್ಟು ಅನ್ನೋದನ್ನು ಕೋರ್ಟು ಹೇಳಲಿ. ನಾನು ಟೀಮಿನ ನಡತೆಯನ್ನಷ್ಟೇ ನೋಡುತ್ತೇನೆ. ಮೊದಲು ತಲಾ ಹತ್ತು ಲಕ್ಷ ಘೋಷಣೆಯಾಯಿತು. ಆಮೇಲೆ ಸುಮಾರು ಮೂರು ತಿಂಗಳು, ದಿನಕ್ಕೆ ಹತ್ತು ರೀಲ್ ಹಾಕುತ್ತಿದ್ದ ಸೋಶಿಯಲ್ ಮೀಡಿಯಾ ಖಾತೆಗಳು ಮೌನ. ಆಗಸ್ಟ್ ಕೊನೆಗೆ ಮೌನ ಮುರಿದು, ತಲಾ 25 ಲಕ್ಷ ಅಂದರು. ದುಡ್ಡು ಕೊಟ್ಟಿದ್ದು ಒಳ್ಳೆಯದೇ, ಬೇಡ ಅನ್ನೋದಿಲ್ಲ. ಆದರೆ ಸಾವಿನ ಮನೆಗೆ ಮೂರನೇ ದಿನ ಬರುವವರಿಗೂ ಮೂರನೇ ತಿಂಗಳು ಬರುವವರಿಗೂ ನಮ್ಮ ಕಡೆ ಒಂದೇ ಹೆಸರಿಲ್ಲ. ಅದಾಗಿ ನವೆಂಬರಿನಲ್ಲಿ ಆಗ ಮಾಲೀಕ ಸಂಸ್ಥೆಯಾಗಿದ್ದ ಯುನೈಟೆಡ್ ಸ್ಪಿರಿಟ್ಸ್, ಟೀಮಿನಲ್ಲಿ ಮಾಡಿದ ಹೂಡಿಕೆಯನ್ನು ಮರುಪರಿಶೀಲಿಸುತ್ತೇವೆ ಅಂತ ಷೇರುಪೇಟೆಗೆ ತಿಳಿಸಿತು. ಅಂದರೆ ಮಾರಾಟಕ್ಕೂ ಬಾಗಿಲು ತೆರೆದಿದೆ ಅಂತ. ನಮ್ದು ನಮ್ದು ಅಂತ ಹದಿನೆಂಟು ವರ್ಷ ಕೂಗಿದವರಿಗೂ ಗೊತ್ತಾಗಿದ್ದು ಅದೇ ಪ್ರಕಟಣೆಯಿಂದ.

ಬೆಂಗಳೂರು ಎಫ್‌ಸಿ ಲೆಕ್ಕ ಸ್ವಲ್ಪ ಬೇರೆ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿಗೇ ಐ-ಲೀಗ್ ಗೆದ್ದ ಟೀಮು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೋರ್ ವಿರುದ್ಧ ಕಂಠೀರವದಲ್ಲಿ 3-1 ಗೆದ್ದ ರಾತ್ರಿ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಎಬ್ಬಿಸಿದ ಸದ್ದು, ಈ ನಗರ ಯಾವುದೇ ಟೀಮಿಗೆ ಕೊಟ್ಟ ಅತ್ಯುತ್ತಮ ಬೆಂಬಲ ಅಂತ ನನ್ನ ಅಭಿಪ್ರಾಯ. ಇಲ್ಲಿ ಅಭಿಮಾನಿ ಮತ್ತು ಕ್ಲಬ್ ನಡುವೆ ಮಾತುಕತೆ ಇತ್ತು. ಸೋತ ದಿನವೂ ಆಟಗಾರರು ಆ ಸ್ಟ್ಯಾಂಡಿನ ಎದುರು ಬಂದು ನಿಲ್ಲುತ್ತಿದ್ದರು. ಬಳ್ಳಾರಿ ಕಡೆ ಮಕ್ಕಳಿಗೆ ವಸತಿ ಅಕಾಡೆಮಿಯನ್ನೂ ಮಾಡಿತು. ಮೊದಲ ಟೀಮಿನಲ್ಲಿ ಕನ್ನಡದ ಹುಡುಗರು ಈಗಲೂ ಬೆರಳೆಣಿಕೆಯಷ್ಟೇ, ಆದರೆ ದಾರಿಯಾದರೂ ಇದೆ. ಬೇಸರದ ಸಂಗತಿ ಅಂದರೆ, ಐಎಸ್ಎಲ್ ನಡೆಯುತ್ತದೋ ಇಲ್ಲವೋ ಅನ್ನೋ ಗೊಂದಲದಲ್ಲಿ 2025ರ ಆಗಸ್ಟ್‌ನಲ್ಲಿ ಕ್ಲಬ್ ತನ್ನ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. ಮೂರೂ ಪ್ರಶ್ನೆಗೆ ಅರ್ಧರ್ಧ ಅಂಕವಾದರೂ ಪಡೆಯುವ ಟೀಮು ಇದೊಂದೇ. ಅದಕ್ಕೇ ತಳಮಳ ಬಂತು.

ಕಬಡ್ಡಿಯದ್ದು ನನಗೆ ಅರ್ಥವೇ ಆಗದ ಕಥೆ. ನಮ್ಮ ಮೂರು ತಾಲ್ಲೂಕಿನಲ್ಲಿ ಮಳೆ ನಿಂತರೆ ಸಾಕು, ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ ಪಂದ್ಯಾವಳಿಗಳ ಫ್ಲೆಕ್ಸ್ ಏಳುತ್ತದೆ. ಜನ ನಿಜವಾಗಿ ಆಡುವ ಆಟ ಇವು. ಆದರೆ ಬೆಂಗಳೂರು ಬುಲ್ಸ್ 2017ರಲ್ಲಿ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ! 2019ರ ಜನವರಿಯಲ್ಲಿ ಕಪ್ ಗೆದ್ದಾಗ ಫೈನಲ್‌ನಲ್ಲಿ 22 ಪಾಯಿಂಟ್ ತಂದ ಪವನ್ ಸೆಹ್ರಾವತ್‌ನನ್ನು ನಾವು ಎತ್ತಿ ಮೆರೆಸಿದೆವು, ತಪ್ಪೇನಿಲ್ಲ. ಅದಕ್ಕೂ ಮೊದಲು, 2017ರಲ್ಲಿ, ಕರಾವಳಿಯ ಸುಕೇಶ್ ಹೆಗ್ಡೆ ಗುಜರಾತಿಗೆ ಕ್ಯಾಪ್ಟನ್ ಆಗಿದ್ದ. ಬೆಂಗಾಲ್‌ಗೂ ಪುಣೆಗೂ ಕಪ್ ಗೆಲ್ಲಿಸಿದ ನಮ್ಮ ಬಿ.ಸಿ. ರಮೇಶ್ ಬುಲ್ಸ್‌ಗೆ ಮುಖ್ಯ ಕೋಚ್ ಆಗಿದ್ದು 2025ರಲ್ಲಿ. ತಡವಾದರೂ ಸರಿಯಾದ ಹೆಜ್ಜೆ.

ಕೊನೆಗೆ ಲೆಕ್ಕಕ್ಕೆ ಯಾರೂ ಹಿಡಿಯದ ಟೀಮು: ಹುಬ್ಬಳ್ಳಿ ಟೈಗರ್ಸ್. ನೆಲದ ಲೆಕ್ಕದಲ್ಲಿ ಮಾಗೋಡಿಗೆ ಹತ್ತಿರದ ವೃತ್ತಿಪರ ಕ್ರಿಕೆಟ್ ಟೀಮು ಇದೇ. ಯಲ್ಲಾಪುರದಲ್ಲಿ ಬಸ್ ಹತ್ತಿದರೆ ಎರಡು ತಾಸು. ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ನಮ್ಮ ಜಿಲ್ಲೆ ಸೇರುವುದೂ ಧಾರವಾಡ ವಲಯಕ್ಕೇ. 2019ರಲ್ಲಿ ಕೆಪಿಎಲ್ ಗೆದ್ದರು. ಆದರೆ ಆ ಫೈನಲ್‌ನ ಸುತ್ತಲೇ ಎದುರಾಳಿ ಟೀಮಿನ ಆಟಗಾರರ ಮೇಲೆ ಸ್ಪಾಟ್ ಫಿಕ್ಸಿಂಗ್ ಆರೋಪ ಬಂತು, ಬಂಧನಗಳಾದವು, ಲೀಗೇ ನಿಂತುಹೋಯಿತು. 2023ರಲ್ಲಿ ಮನೀಷ್ ಪಾಂಡೆ ನಾಯಕತ್ವದಲ್ಲಿ ಮಹಾರಾಜ ಟ್ರೋಫಿ ಗೆದ್ದರು, ಆಡಿದ್ದೆಲ್ಲ ಬೆಂಗಳೂರಿನಲ್ಲಿ. 2025ರ ಟೂರ್ನಿ ಕಾಲ್ತುಳಿತದ ನಂತರ ಬೆಂಗಳೂರು ಬಿಟ್ಟಿತು, ಹೋಗಿದ್ದು ಮೈಸೂರಿಗೆ. ಕೆಪಿಎಲ್ ಕಾಲದಲ್ಲಿ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲೂ ಪಂದ್ಯಗಳಾಗಿದ್ದವು. ಈಗ ಹುಬ್ಬಳ್ಳಿಯ ಹೆಸರಿನ ಟೀಮು ಹುಬ್ಬಳ್ಳಿಯಲ್ಲೇ ಆಡುವುದಿಲ್ಲ. ನಾವೂ ಕೇಳಲಿಲ್ಲ ಬಿಡಿ. ನಮಗೆ ಕೊಹ್ಲಿ ಕವರ್ ಡ್ರೈವ್ ಸಾಕಿತ್ತು.

'ಇಷ್ಟೆಲ್ಲ ಲೆಕ್ಕ ಹಾಕಿದರೆ ಮ್ಯಾಚ್ ನೋಡೋ ಮಜಾನೇ ಹೋಗುತ್ತೆ ಮಾರಾಯಾ' ಅಂತ ಆಫೀಸಿನ ಗೆಳೆಯರು ಹೇಳುತ್ತಾರೆ. ಹೋಗೋದಿಲ್ಲ. ಮೇಳದ ಯಜಮಾನನ ಹತ್ತಿರ ಜಗಳ ಆಡಿದವನೇ ಬೆಳಗಿನವರೆಗೆ ಕೂತು ಆಟ ನೋಡುತ್ತಿದ್ದ. ಪ್ರೀತಿ ಇದ್ದವನು ತಾನೇ ತಗಾದೆ ಮಾಡೋದು. ಬರೀ ಗಿರಾಕಿಯಾಗಿದ್ದರೆ ಟಿಕೆಟ್ ಹರಿದು ಬಿಸಾಕಿ ಎದ್ದು ಹೋಗುತ್ತಿದ್ದ.

ಹಾಗಾಗಿ ನನ್ನ ತಗಾದೆ ಇಷ್ಟು. ಆರ್‌ಸಿಬಿಯನ್ನು ಯಾರೇ ನಡೆಸಲಿ, ವರ್ಷಕ್ಕೊಮ್ಮೆ ಹುಬ್ಬಳ್ಳಿಯಲ್ಲೂ ಮೈಸೂರಿನಲ್ಲೂ ಹುಡುಗ ಹುಡುಗಿಯರಿಗೆ ಬಹಿರಂಗ ಆಯ್ಕೆ ಶಿಬಿರ ಇಡಲಿ, ಒಂದು ಅಭ್ಯಾಸ ಪಂದ್ಯ ಆಡಲಿ. ಸತ್ತ ಹನ್ನೊಂದು ಜನರ ಹೆಸರು ಚಿನ್ನಸ್ವಾಮಿಯಲ್ಲಿ ಜನ ಓಡಾಡುವ ಕಡೆ, ಕಾಣುವ ಹಾಗೆ ಕೆತ್ತಿಸಲಿ. ಮಹಾರಾಜ ಟ್ರೋಫಿ ನಡೆಸುವವರು ಟೈಗರ್ಸ್‌ನ ಎರಡು ಪಂದ್ಯವನ್ನಾದರೂ ರಾಜನಗರಕ್ಕೆ ತರಲಿ. ನಾವು ಮಾಡಬೇಕಾದ ಕೆಲಸವೂ ಒಂದಿದೆ. ಆ ಎರಡು ಪಂದ್ಯ ಬಂದ ದಿನ ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ನೋಡಬಾರದು. ರಜೆ ಹಾಕಿ ಊರಿಗೆ ಹೋಗಿ, 'ನಿಂಗಳ ಟೀಮು' ಅಂದ ಆ ಹಿರಿಯರನ್ನೂ ಬಸ್ ಹತ್ತಿಸಿಕೊಂಡು ಹುಬ್ಬಳ್ಳಿಗೆ ಬರಬೇಕು. ಟಿಕೆಟ್ ದುಡ್ಡು ನಾನೇ ಹಾಕುತ್ತೇನೆ.