ಮಾಲ್ಗುಡಿಯ ಹಳದಿ ಹಲಗೆ

ಇಲ್ಲದ ಊರಿಗೆ ಹೆಸರಿನ ಹಲಗೆ ಹಾಕಬಹುದೇ? ಧಾರಾಳವಾಗಿ ಹಾಕಬಹುದು. ಆದರೆ ಇರುವ ಊರಿನ ಹೆಸರು ಅದರ ಹಿಂದೆ ಮುಚ್ಚಿಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ.

ಮಾಲ್ಗುಡಿಯ ಅಭಿಮಾನಿಗಳು ಬಿಡಿಸಿದ ಚಿತ್ರಗಳನ್ನು ನೀವೂ ನೋಡಿರಬಹುದು. ರೈಲು ನಿಲ್ದಾಣದ ಹಳದಿ ಹಲಗೆ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಮಾಲ್ಗುಡಿ, ಕೆಳಗೆ ಆರ್.ಕೆ. ಲಕ್ಷ್ಮಣರ ಗೆರೆಯನ್ನು ನೆನಪಿಸುವ, ಚಡ್ಡಿ ಹಾಕಿದ ಸ್ವಾಮಿ. ವ್ಯಂಗ್ಯಚಿತ್ರಕ್ಕೂ ಸರಕಾರಿ ಹಲಗೆಗೂ ಎತ್ತಣ ಸಂಬಂಧ ಅನಿಸುತ್ತದೆ. ಆದರೂ ಜೋಡಿ ಒಪ್ಪುತ್ತದೆ. ಓಡುವ ಕಣ್ಣಿಗೆ ಸ್ವಲ್ಪದರಲ್ಲೇ ವಿಷಯ ಮುಟ್ಟಿಸುವುದು ಎರಡರ ಕೆಲಸವೂ ಹೌದಲ್ಲವೇ?

ಆರ್.ಕೆ. ನಾರಾಯಣರ ಮನಸ್ಸಿನಲ್ಲಿ 1930ರಲ್ಲಿ ಈ ಊರು ಕಾಣಿಸಿಕೊಂಡದ್ದೇ ಪುಟ್ಟ ರೈಲು ನಿಲ್ದಾಣದೊಂದಿಗೆ. ಬರೆಯಲು ಕೂಡುವ ಶುಭದಿನವನ್ನು ಗೊತ್ತುಮಾಡಿದವರು ಅವರ ಅಜ್ಜಿ. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಅಚ್ಚಾಯಿತು. ಮುಂದೆ ಅಣ್ಣನ ಕತೆಗಳಿಗೆ ತಮ್ಮ ಲಕ್ಷ್ಮಣರು ಚಿತ್ರ ಬರೆದರು. 1986ರಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ದೂರದರ್ಶನಕ್ಕೆ ತಂದಾಗ ಆಗುಂಬೆ ಮಾಲ್ಗುಡಿಯಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಅದರ ನಿಲ್ದಾಣವಾಯಿತು. ಅಲ್ಲಿಯ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಅದನ್ನು ಸಜ್ಜುಗೊಳಿಸಿದವರು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್.

ಅಭಿಮಾನದಿಂದ ಒಂದು ಹಳೆಯ ಕಟ್ಟಡ ಉಳಿಯಿತು, ಇದು ಮೆಚ್ಚುವ ಮಾತು. ಆದರೆ ನಿಲ್ದಾಣಕ್ಕೇ ಮಾಲ್ಗುಡಿ ಎಂದು ಹೆಸರಿಡಬೇಕೆಂಬ ಮಾತು ಕೇಳಿಬಂದಾಗ ಮನಸ್ಸು ಒಪ್ಪಲಿಲ್ಲ. ನಮ್ಮ ಮನ್ನಳ್ಳಿ ಕಡೆಯ ಹೆಣ್ಣುಮಕ್ಕಳು ಬೀದರ್ ಬಸ್ ನಿಲ್ದಾಣದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬೋರ್ಡು ಓದುತ್ತಾರೆ. 'ಯಕ್ಕಾ, ಇದು ಮನ್ನಳ್ಳಿ ಬಸ್ಸೇನ್ರಿ?' ಎಂದು ಯಾರನ್ನೂ ಕೇಳದೆ ತಾವೇ ಓದಿ ಹತ್ತಿದ ದಿನ ಅವರ ಮುಖದ ಕಳೆಯೇ ಬೇರೆ. ಬೋರ್ಡನ್ನು ನಂಬಿ ಒಬ್ಬಳೇ ಹೊರಟವಳಿಗೆ ಅರಸಾಳಿನಲ್ಲಿ ಅರಸಾಳು ಎಂದೇ ಕಾಣಬೇಕು. ಚಿತ್ರ ಪಕ್ಕದ ಗೋಡೆಯ ಮೇಲೆ ಎಷ್ಟು ಬೇಕಾದರೂ ನಗಲಿ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ನಾನು ಕಂಡ ಚಿತ್ರಗಳಲ್ಲಿ ಹಲಗೆಯ ಕೆಳಗೆ ನಿಂತವನು ಸ್ವಾಮಿ, ಇಲ್ಲವೇ ಅವನ ಗೆಳೆಯರು. ಅಜ್ಜಿ ಎಲ್ಲಿ? ಕಾದಂಬರಿಯಲ್ಲಿ ಆಕೆ ಹೊಟ್ಟೆನೋವಿಗೆ ಒಂದು ನಿಂಬೆಹಣ್ಣು ತಂದುಕೊಡಪ್ಪ ಎಂದರೆ ಮೊಮ್ಮಗ ಕ್ರಿಕೆಟ್ಟಿಗೆ ಓಡುತ್ತಾನೆ. ಆಮೇಲೆ ಅವನ ಮನಸ್ಸು ಚುರುಕ್ ಎನ್ನುತ್ತದೆ. ನಾವು ಆಕೆಯನ್ನು ಬರೀ ಅಜ್ಜಿ ಎಂದೇ ಬಲ್ಲೆವು, ನಮ್ಮ ಓಣಿಯಲ್ಲಿ ಎಷ್ಟೋ ಜನ ಬರೀ 'ಅವರವ್ವ', 'ಇವರಾಯಿ' ಆಗಿ ಉಳಿದ ಹಾಗೆ. ಇಲ್ಲದ ಊರಿಗೆ ಇಷ್ಟು ಅಕ್ಕರೆಯಿಂದ ಹೆಸರು ಬರೆದ ಅಭಿಮಾನಿಗಳಿಗೆ ಇದು ಹೊಳೆಯದೇ?

ನಿಮ್ಮ ಮನೆಯ ಹುಡುಗಿಯರು ಚಿತ್ರ ಬಿಡಿಸುವವರಾಗಿದ್ದರೆ ಹೇಳಿ ನೋಡಿ. ಹಳದಿ ಹಲಗೆಯ ಕೆಳಗೊಂದು ಬೆಂಚು ಹಾಕಲಿ. ಅಲ್ಲಿ ಅಜ್ಜಿಯನ್ನು ಕೂಡಿಸಲಿ. ಕೈಯಲ್ಲೊಂದು ನಿಂಬೆಹಣ್ಣೂ ಇರಲಿ.